ಮಳೆ, ಒಲೆ ಮತ್ತು ಮಲೆನಾಡಿನ ಮನೆ

ಸಂಸಾರಿಯ ಸುಖಗಳನ್ನು ಎಣಿಸುವಾಗ ಸರ್ವಜ್ಞನು ಹಣಕ್ಕಿಂತ ಮೊದಲು ಮನೆಯ ಬಿಸುಪನ್ನು ಇಟ್ಟನು. ಬಯಲುಸೀಮೆಯ ನಮ್ಮಂಥವರಿಗೆ ಇದು ಸ್ವಲ್ಪ ಆಶ್ಚರ್ಯವೆನಿಸಬಹುದು. ವರ್ಷದ ಎಂಟು ತಿಂಗಳು ಬೀಸಣಿಗೆಯನ್ನು ಹುಡುಕುವವನಿಗೆ ಮನೆ ಬೆಚ್ಚಗಿರಬೇಕೆಂಬ ಆಸೆ ಏಕೆ? ಆದರೆ ಆಷಾಢದಲ್ಲಿ ಒಂದು ವಾರ ಘಟ್ಟದ ಸೆರಗಿನ ಊರಿನಲ್ಲಿ ಕಳೆದು ಬಂದವನು ಈ ಪ್ರಶ್ನೆಯನ್ನು ಕೇಳಲಾರ. ಹಾಸಿಗೆ ತಣ್ಣಗೆ, ಹೊದಿಕೆ ತಣ್ಣಗೆ, ಹೊತ್ತಗೆಯ ಹಾಳೆ ಮೆತ್ತಗೆ, ಉಪ್ಪು ನೀರಾಗಿ, ಬೆಂಕಿಪೆಟ್ಟಿಗೆಯ ಕಡ್ಡಿ ಹತ್ತದು. ಆಗ ಮನೆಯಲ್ಲಿ ಬೆಚ್ಚಗಿರುವ ಒಂದು ಮೂಲೆ ಸಿಕ್ಕಿದರೆ ಅದೇ ಸ್ವರ್ಗ.

ಆ ಮೂಲೆಯನ್ನು ಮಲೆನಾಡಿನವರು ಹೇಗೆ ಮಾಡಿಕೊಂಡರು, ಬೇಸಗೆಯಲ್ಲಿ ಅದೇ ಮನೆಯನ್ನು ಹೇಗೆ ತಂಪಾಗಿಟ್ಟುಕೊಂಡರು, ಈ ಏರ್ಪಾಡು ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ. ಇದನ್ನು ಬರೆಯಲು ನನಗೊಂದು ಸ್ವಂತ ಕಾರಣವೂ ಉಂಟು. ನನ್ನ ತಾಯಿಯ ತವರು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿ. ಅಲ್ಲಿಯ ಹಳೆಯ ಮನೆಯ ಅರ್ಧ ಭಾಗವನ್ನು ಕೆಡವಿ ಹೊಸದು ಕಟ್ಟಿಸಿದ್ದಾಗಿದೆ. ಉಳಿದರ್ಧವನ್ನು ತೋರಿಸಿ ಸೋದರಮಾವ ಕೇಳಿದರು: "ಏನಪ್ಪ, ಓದಿದವನು ನೀನು, ಹೇಳು. ಇದನ್ನು ಕೆಡವಲೋ, ಉಳಿಸಲೋ?" ಆಗ ನನಗೆ ಉತ್ತರ ಹೊಳೆಯಲಿಲ್ಲ.

ಮೊದಲು ಅಲ್ಲಿಯ ಹವೆಯನ್ನು ತಿಳಿಯಬೇಕು. ಸಮುದ್ರಮಟ್ಟದಿಂದ ಸುಮಾರು ೩,೮೦೦ ಅಡಿ ಎತ್ತರದಲ್ಲಿರುವ ಮಡಿಕೇರಿಯನ್ನು ತೆಗೆದುಕೊಳ್ಳಿ. ಜನವರಿಯ ರಾತ್ರಿಗಳಲ್ಲಿ ಅಲ್ಲಿಯ ಉಷ್ಣತೆ ಸಾಮಾನ್ಯವಾಗಿ ೧೪-೧೫ ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಆದರೆ ಹಗಲು ಚೆನ್ನಾಗಿ ಬಿಸಿಲು ಕಾಯುತ್ತದೆ. ಹಗಲಿನ ಲೆಕ್ಕದಲ್ಲಿ ವರ್ಷದ ಅತಿ ತಣ್ಣನೆಯ ಕಾಲ ಜನವರಿಯಲ್ಲ, ಜುಲೈ! ಆಗ ನಡುಹಗಲಿನಲ್ಲೂ ಉಷ್ಣತೆ ೨೦-೨೧ ಡಿಗ್ರಿಯನ್ನು ದಾಟುವುದು ಕಷ್ಟ. ಈ ಅಂಕಿಯನ್ನು ಹಿಮಾಲಯದವರ ಮುಂದಿಟ್ಟರೆ ಅವರು ನಕ್ಕಾರು. ಆದರೆ ಅಂಕಿ ಹೇಳದ ಮಾತೊಂದುಂಟು. ಗಾಳಿಯಲ್ಲಿ ನೀರಿನ ಅಂಶ ತುಂಬಿ ನಿಂತಿರುತ್ತದೆ, ಸೂರ್ಯದರ್ಶನವಾಗಿ ಹಲವು ದಿನಗಳಾಗಿರುತ್ತವೆ, ಮೈಮೇಲಿನ ಬಟ್ಟೆಯೂ ಪೂರ್ತಿ ಒಣಗಿರುವುದಿಲ್ಲ. ನಮ್ಮ ಭಾಷೆಯಲ್ಲಿ ಚಳಿ ಬೇರೆ, ಥಂಡಿ ಬೇರೆ. ಮಲೆನಾಡಿನದು ಥಂಡಿ. ಅದು ಕಂಬಳಿಯಿಂದ ಹೋಗುವುದಿಲ್ಲ, ಏಕೆಂದರೆ ಕಂಬಳಿಯೇ ಥಂಡಿಯಾಗಿರುತ್ತದೆ. ಅದಕ್ಕೆ ಮದ್ದು ಒಣಗಾಳಿ, ಒಣಗಾಳಿಗೆ ಮದ್ದು ಬೆಂಕಿ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರನ್ನು ಮೀರಿ ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಅದೇ ಊರುಗಳಲ್ಲಿ ಏಪ್ರಿಲ್, ಮೇ ತಿಂಗಳು ಬಂದಾಗ ಗಾಳಿಯಿಲ್ಲದ ಕಾಡಿನ ಸೆಖೆ. ಹೀಗೆ ಒಂದೇ ಮನೆ ನಾಲ್ಕು ತಿಂಗಳು ನೀರಿನೊಂದಿಗೆ, ಎರಡು ತಿಂಗಳು ಸೆಖೆಯೊಂದಿಗೆ, ಎರಡು ತಿಂಗಳು ರಾತ್ರಿಯ ಚಳಿಯೊಂದಿಗೆ ಹೋರಾಡಬೇಕು.

ಈ ಹೋರಾಟದಲ್ಲಿ ಮೊದಲ ಆಯುಧ ಮಾಡು. ಬಯಲುಸೀಮೆಯವನು ಮನೆ ಕಟ್ಟುವಾಗ ಗೋಡೆಯನ್ನು ಯೋಚಿಸುತ್ತಾನೆ, ಮಲೆನಾಡಿನವನು ಮಾಡನ್ನು ಯೋಚಿಸುತ್ತಾನೆ. ಅಲ್ಲಿಯ ಹಳೆಯ ಮನೆಯನ್ನು ದೂರದಿಂದ ಕಂಡರೆ ಕಾಣುವುದೆಲ್ಲ ಮಾಡೇ. ಗೋಡೆ ಅದರ ಕೆಳಗೆ ಅಡಗಿರುತ್ತದೆ. ಸೂರು ಎಷ್ಟು ಕೆಳಗಿಳಿದಿರುತ್ತದೆಂದರೆ ಹೊಸಬನು ಒಳಗೆ ಹೋಗುವಾಗ ತಲೆಗೆ ಒಂದು ಪೆಟ್ಟು ತಿಂದೇ ಹೋಗಬೇಕು. ಇದು ವಾಸ್ತುವಿನ ತಪ್ಪಲ್ಲ. ತಗ್ಗಿದ ಸೂರು ಮಳೆಗಾಲದಲ್ಲಿ ಎರಚಲನ್ನು ತಡೆಯುತ್ತದೆ, ಬೇಸಗೆಯಲ್ಲಿ ಬಿಸಿಲು ಗೋಡೆಯನ್ನು ಮುಟ್ಟದಂತೆ ನೋಡಿಕೊಳ್ಳುತ್ತದೆ. ಬಿಸಿಲು ತಾಕದ ಗೋಡೆ ಕಾಯುವುದಿಲ್ಲ, ಮಳೆ ತಾಕದ ಗೋಡೆ ಕುಸಿಯುವುದಿಲ್ಲ. ಆ ಸೂರಿನ ಕೆಳಗಿನ ಜಗಲಿಯೇ ಹಗಲೆಲ್ಲ ಮನೆಯವರ ಬದುಕಿನ ಜಾಗ.

ಹಿಂದೆ ಹೆಚ್ಚಿನ ಮನೆಗಳಿಗೆ ಹುಲ್ಲಿನ ಇಲ್ಲವೆ ಅಡಿಕೆಯ ಸೋಗೆಯ ಹೊದಿಕೆ. ದಪ್ಪನೆಯ ಹುಲ್ಲಿನ ಒಳಗೆ ಸಿಕ್ಕಿಕೊಂಡ ಗಾಳಿ ಅಲ್ಲಾಡದೆ ನಿಲ್ಲುತ್ತದೆ. ಹೀಗೆ ನಿಂತ ಗಾಳಿ ಶಾಖವನ್ನು ಒಳಕ್ಕೂ ಬಿಡುವುದಿಲ್ಲ, ಹೊರಕ್ಕೂ ಬಿಡುವುದಿಲ್ಲ. ಉಣ್ಣೆಯ ಬಟ್ಟೆ ಮೈಯನ್ನು ಬೆಚ್ಚಗಿಡುವುದೂ ಇದೇ ಗುಟ್ಟಿನಿಂದ. ಆದ್ದರಿಂದ ಹುಲ್ಲಿನ ಮನೆ ಬೇಸಗೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ. ಆದರೆ ಸುಖದ ಜೊತೆಗೆ ಕಷ್ಟವೂ ಇತ್ತು. ಹೊದಿಕೆಯನ್ನು ಮತ್ತೆ ಮತ್ತೆ ಹೊಸದು ಮಾಡಬೇಕು. ಒಂದು ಕಿಡಿ ಹಾರಿದರೆ ಮನೆಯಷ್ಟೇ ಅಲ್ಲ, ಕೇರಿಯೇ ಹೋದೀತು.

ಗೋಡೆ ಮಣ್ಣಿನದು, ಇಲ್ಲವೆ ಜಂಬಿಟ್ಟಿಗೆಯದು. ಜಂಬಿಟ್ಟಿಗೆ ನೆಲದಿಂದ ಕಡಿದು ತೆಗೆಯುವಾಗ ಮೆದು. ಗಾಳಿಗೆ ಬಿದ್ದಂತೆ ಗಟ್ಟಿ. ೧೮೦೦-೧೮೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ 'ಲ್ಯಾಟರ್' ಎಂದರೆ ಇಟ್ಟಿಗೆ. ನಮ್ಮವರ ಮಾತಿನಲ್ಲಿಯೂ ಅದು ಇಟ್ಟಿಗೆಯೇ. ಒಂದೂವರೆ ಅಡಿ ದಪ್ಪದ ಇಂಥ ಗೋಡೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಗಲಿನ ಶಾಖ ಒಳಮುಖವನ್ನು ತಲುಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಹೊರಗಿನ ಗಾಳಿ ತಣ್ಣಗಾಗಿರುತ್ತದೆ.

ನೆಲದ ಕಥೆ ಇನ್ನೂ ಸ್ವಾರಸ್ಯವಾಗಿದೆ. ೧೬೨೩ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಹೊನ್ನಾವರ, ಗೇರುಸೊಪ್ಪೆಯ ದಾರಿಯಾಗಿ ಘಟ್ಟ ಹತ್ತಿ ಇಕ್ಕೇರಿಗೆ ಬಂದನು. ಆಗ ಅಲ್ಲಿ ವೆಂಕಟಪ್ಪ ನಾಯಕನ ಆಳಿಕೆ. ಇಕ್ಕೇರಿಯಿಂದ ಬರೆದ ಕಾಗದದಲ್ಲಿ ಅವನು ಸಗಣಿಯಿಂದ ಸಾರಿಸಿದ ನೆಲವನ್ನು ವಿವರವಾಗಿ ಬಣ್ಣಿಸಿದ್ದಾನೆ. ಮೊದಲು ಇದನ್ನು ಧರ್ಮದ ಮೂಢಾಚಾರವೆಂದು ತಿಳಿದಿದ್ದನಂತೆ. ಗೋವೆಯ ಪೋರ್ಚುಗೀಸರೂ ಹಾಗೆಯೇ ಮಾಡುವುದನ್ನು ಕಂಡು, ಇದು ಅಂದಕ್ಕಾಗಿ, ಅಚ್ಚುಕಟ್ಟಿಗಾಗಿ ಮಾಡುವ ಕೆಲಸವೆಂದು ಅರಿತನು. ಹೀಗೆ ಸಾರಿಸಿದ ಮನೆಗೆ ಪ್ಲೇಗು ಹತ್ತಿರ ಬಾರದೆಂದು ಯಾರೋ ಹೇಳಿದ್ದರಿಂದ, ಇಟಲಿಗೆ ಹೋದ ಮೇಲೆ ತಾನೂ ಮಾಡಿ ನೋಡುವೆನೆಂದು ಬರೆದನು. ಮಾಡಿ ನೋಡಿದನೋ ಇಲ್ಲವೋ, ಪ್ಲೇಗಿನ ಮಾತಂತೂ ನಿಜವಲ್ಲ. ನೆಲದ ಗುಣವಂತೂ ನಿಜ. ಮಣ್ಣಿನ ನೆಲ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಒಣ ಹೊತ್ತಿನಲ್ಲಿ ಬಿಟ್ಟುಕೊಡುತ್ತದೆ. ನುಣ್ಣನೆಯ ಸಿಮೆಂಟಿನ ನೆಲಕ್ಕೆ, ಹೊಳೆಯುವ ಬಿಲ್ಲೆಯ ನೆಲಕ್ಕೆ ಆ ಗುಣವಿಲ್ಲ. ಮುಂಗಾರಿನಲ್ಲಿ ಅದು ಬೆವರುತ್ತದೆ, ಒರೆಸಿದಷ್ಟೂ ನೀರು.

ಗೋಡೆಗೂ ಮಾಡಿಗೂ ನಡುವೆ ಮುಚ್ಚಿಗೆ, ಅದರ ಮೇಲೆ ಅಟ್ಟ. ತೊಲೆಗಳ ಮೇಲೆ ಹಲಗೆ ಹಾಸಿ, ಅದರ ಮೇಲೆ ಮಣ್ಣು ಬಡಿದು ಮುಚ್ಚಿಗೆ ಮಾಡುತ್ತಿದ್ದರು. ಅಟ್ಟವೆಂದರೆ ಹಳೆಯ ಸಾಮಾನು ಒಟ್ಟುವ ಜಾಗವೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಮನೆಗೆ ಹಾಕಿದ ಗಾಳಿಯ ಟೋಪಿ. ಬಿಸಿಲಿಗೆ ಕಾದ ಮಾಡಿನ ಶಾಖ ಅಟ್ಟದಲ್ಲೇ ನಿಂತು ಸಂದುಗಳಿಂದ ಹೊರಗೆ ಹೋಗುತ್ತದೆ. ಕೆಳಗೆ ಮಲಗಿದವರಿಗೆ ತಟ್ಟುವುದಿಲ್ಲ. ಚಳಿಯಲ್ಲಿ ಕೋಣೆಯ ಬಿಸುಪು ಮುಚ್ಚಿಗೆಯ ಕೆಳಗೇ ಉಳಿಯುತ್ತದೆ. ಅಡಿಗೆಮನೆಯ ಕಡೆಯ ಅಟ್ಟದಲ್ಲಿ ಹೊಗೆಯ ಓಡಾಟವಿದ್ದುದರಿಂದ ಅಡಿಕೆ, ಬೀಜದ ಕಾಳು, ಸೌದೆ ಎಲ್ಲವೂ ಮಳೆಗಾಲದಲ್ಲೂ ಒಣಗಿರುತ್ತಿದ್ದವು.

ಇಷ್ಟೆಲ್ಲ ದೇಹವಾದರೆ, ಪ್ರಾಣ ಒಲೆ. ಮಳೆ ಹಿಡಿಯುವ ಮುಂಚೆ ಸೌದೆಮನೆ ತುಂಬಬೇಕು; ಅದು ತುಂಬದ ಮನೆಯಲ್ಲಿ ಗೃಹಿಣಿಗೆ ನಿದ್ದೆ ಬರುತ್ತಿರಲಿಲ್ಲ. ಅಡಿಗೆಯ ಒಲೆ ಬೆಳಗಿನ ಜಾವ ಹೊತ್ತಿದರೆ ರಾತ್ರಿ ಊಟವಾಗುವ ತನಕ ಆರದು. ಆರಿದ ಮೇಲೂ ಬೂದಿಯಡಿ ಕೆಂಡ ಉಳಿದಿರುತ್ತಿತ್ತು. ಅದಕ್ಕಿಂತ ದೊಡ್ಡದು ಬಚ್ಚಲೊಲೆ. ತಾಮ್ರದ ಹಂಡೆ, ಅದರಡಿ ದೊಡ್ಡ ಕೊರಡು. ಬಚ್ಚಲೊಲೆಯ ಮುಂದಿನ ಜಾಗ ಮಳೆಗಾಲದಲ್ಲಿ ಮನೆಯ ಸಭಾಮಂಟಪ. ಮೇಲೆ ಬಿದಿರಿನ ಗಳುವಿನ ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಕೆಳಗೆ ಮಕ್ಕಳು ಬಿಸಿಬೂದಿಯಲ್ಲಿ ಹಲಸಿನ ಬೀಜ ಸುಡುತ್ತಿರುತ್ತಾರೆ. ಗದ್ದೆಯಿಂದ ಬಂದ ಆಳು ಕಂಬಳಿಕೊಪ್ಪೆಯನ್ನು ಕೊಡವಿ ಅಲ್ಲೇ ಅಂಗೈ ಕಾಯಿಸಿಕೊಳ್ಳುತ್ತಾನೆ. ಇಡೀ ಮನೆಯನ್ನು ಕಾಯಿಸುವ ಯೋಚನೆಯನ್ನು ಮಲೆನಾಡಿನವರು ಮಾಡಲಿಲ್ಲ. ಒಂದು ಜಾಗವನ್ನು ಕಾಯಿಸಿ, ಜನರನ್ನು ಅಲ್ಲಿಗೆ ಕರೆದರು. ಬಾಣಂತಿಗೆ, ಹಣ್ಣುಮುದುಕರಿಗೆ ಮಾತ್ರ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಕೋಣೆಗೆ ಕೊಂಡೊಯ್ಯುತ್ತಿದ್ದರು.

ಬೇಸಗೆಯ ಏರ್ಪಾಡು ಅಂಗಳದಲ್ಲಿತ್ತು. ಅಡಿಕೆಯ ಕೊಯ್ಲಿನ ಹೊತ್ತಿಗೆ ಅಂಗಳದ ಮೇಲೆ ಅಡಿಕೆಮರದ ಕಂಬ, ದಬ್ಬೆಗಳ ಚಪ್ಪರವೇಳುತ್ತದೆ. ಮೇಲೆ ಬೇಯಿಸಿದ ಅಡಿಕೆ ಒಣಗುತ್ತದೆ, ಕೆಳಗೆ ನೆರಳು ಬೀಳುತ್ತದೆ. ಕೊಯ್ಲು ಮುಗಿದರೂ ಚಪ್ಪರವನ್ನು ಕೀಳುವುದಿಲ್ಲ. ಸೋಗೆ ಹೊದಿಸಿದರೆ ಬೇಸಗೆಯ ಮದುವೆ, ಉಪನಯನಗಳಿಗೆ ಅದೇ ಮಂಟಪ. ಅಂಗಳ ಕಾಯದಿದ್ದರೆ ಅಂಗಳದಿಂದ ಒಳಗೆ ಬರುವ ಗಾಳಿಯೂ ಕಾಯದು. ಮಳೆಯ ಮೋಡ ಕಂಡೊಡನೆ ಚಪ್ಪರ ಇಳಿಯುತ್ತದೆ. ಸೋಗೆ ತಟ್ಟಿಯಾಗಿ ಪಡುವಣ ಗೋಡೆಗೆ ಒರಗುತ್ತದೆ. ಋತು ತಿರುಗಿದಂತೆ ಮನೆಯೂ ಬಟ್ಟೆ ಬದಲಿಸುತ್ತಿತ್ತು.

ಈ ಹಳೆಯ ಕ್ರಮಕ್ಕೆ ಮೊದಲ ದೊಡ್ಡ ಬದಲಾವಣೆ ಬಂದದ್ದು ಮಂಗಳೂರಿನಿಂದ. ೧೮೩೪ರಲ್ಲಿ ಅಲ್ಲಿಗೆ ಬಂದಿದ್ದ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅದರ ಹಿಂದೆ ಇದ್ದವನು ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿಯ ದಡದ ಜೇಡಿಮಣ್ಣನ್ನು ಯಂತ್ರದಲ್ಲಿ ಒತ್ತಿ ಸುಟ್ಟ ಈ ಚಪ್ಪಟೆ ಹೆಂಚು ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂರುವಂತೆ ಇತ್ತು. ಹಳೆಯ ಕೈಹೆಂಚಿನ ಹಾಗೆ ರಾಶಿ ಹಾಕಬೇಕಾಗಿಲ್ಲ, ಭಾರ ಕಡಿಮೆ, ಜಾರುವುದೂ ಕಡಿಮೆ. ಪಕಾಸಿ, ರೀಪುಗಳ ಚೌಕಟ್ಟಿನ ಮೇಲೆ ಅದು ಸಲೀಸಾಗಿ ಕೂತಿತು. ಬೆಂಕಿಯ ಭಯ ದೂರವಾಯಿತು, ವರ್ಷವರ್ಷದ ಹೊದಿಕೆಯ ಗೋಳು ತಪ್ಪಿತು. ಉಳಿದ ಶತ್ರು ಮಂಗ ಒಂದೇ.

ಹೆಂಚು ಹುಲ್ಲಿನಷ್ಟು ಶಾಖವನ್ನು ತಡೆಯುವುದಿಲ್ಲ. ಆದರೆ ಅದರ ಸಂದುಗಳಲ್ಲಿ ಗಾಳಿ ಆಡುತ್ತದೆ. ಹೊಗೆ ತಾನಾಗಿ ಮೇಲಕ್ಕೆ ಹೋಗುತ್ತದೆ. ಕೆಳಗೆ ಮುಚ್ಚಿಗೆ ಇದ್ದಲ್ಲಿ ಕೊರತೆ ಕಾಣಲಿಲ್ಲ. ಮುಚ್ಚಿಗೆಯಿಲ್ಲದೆ ಹೆಂಚನ್ನಷ್ಟೇ ಹೊದೆಸಿದ ಬಡವರ ಮನೆಗಳಲ್ಲಿ ಮೇ ತಿಂಗಳ ಮಧ್ಯಾಹ್ನ ಮಾತ್ರ ಕಷ್ಟವೇ. ಹಳೆಯ ಮನೆಯ ಸುಖವೆಲ್ಲ ಎಲ್ಲರ ಸುಖವಾಗಿತ್ತೆಂದು ಭಾವಿಸಬಾರದು. ಮುಚ್ಚಿಗೆ, ಅಟ್ಟ, ತಾಮ್ರದ ಹಂಡೆ ಇವೆಲ್ಲ ಉಳ್ಳವರ ಮನೆಯ ಮಾತು.

ಇದೇ ಶತಮಾನದಲ್ಲಿ ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಫಿಯ ತೋಟಗಳೆದ್ದವು. ತೋಟದ ಬಿಳಿಯ ದೊರೆಗಳು ತಮ್ಮ ದೇಶದ ಅಭ್ಯಾಸದಂತೆ ಬಂಗಲೆಯ ಕೋಣೆಯ ಗೋಡೆಯಲ್ಲೇ ಬೆಂಕಿಗೂಡು ಮಾಡಿ, ಮೇಲಕ್ಕೆ ಹೊಗೆಕೊಳವೆ ಎತ್ತಿದರು. ನೋಡಲು ಅಂದ, ಹೊಗೆಯ ಕಾಟವಿಲ್ಲ. ಆದರೆ ಬೆಂಕಿಯ ಶಾಖದ ದೊಡ್ಡ ಪಾಲು ಹೊಗೆಯೊಂದಿಗೆ ಮೇಲಕ್ಕೆ ಹೋಗುತ್ತದೆ. ಹೋದ ಗಾಳಿಯ ಜಾಗಕ್ಕೆ ಹೊರಗಿನ ಒದ್ದೆಗಾಳಿ ಬಾಗಿಲ ಸಂದಿನಿಂದ ನುಗ್ಗುತ್ತದೆ. ಎದುರಿಗೆ ಕೂತವನ ಮುಖ ಬಿಸಿ, ಬೆನ್ನು ತಣ್ಣಗೆ. ಸೌದೆಯ ಖರ್ಚು ಬೇರೆ. ಹಳ್ಳಿಯವರು ಅದನ್ನು ನೋಡಿದರು, ಮೆಚ್ಚಿದರು, ಅನುಕರಿಸಲಿಲ್ಲ.

ಇಲ್ಲಿಯ ತನಕ ನಾನು ಹಳೆಯ ಮನೆಯ ಪಕ್ಷ ವಹಿಸಿದಂತೆ ಕಂಡೀತು. ಆದರೆ ಆ ಬಿಸುಪಿಗೆ ಬೆಲೆ ಕೊಟ್ಟವರು ಯಾರು? ಒಲೆಯ ಮುಂದೆ ಕೂತ ಹೆಂಗಸರು. ನನ್ನ ಅಜ್ಜಿಯನ್ನು ನೆನೆದರೆ ಮೊದಲು ಕಣ್ಣಮುಂದೆ ಬರುವುದು ಕೈಯಲ್ಲಿ ಊದುಕೊಳವೆ, ಸೆರಗಿನಲ್ಲಿ ಒರೆಸಿಕೊಳ್ಳುವ ಕೆಂಪು ಕಣ್ಣು. ಕೊನೆಯ ವರ್ಷಗಳಲ್ಲಿ ರಾತ್ರಿಯಿಡೀ ಕೆಮ್ಮುತ್ತಿದ್ದರು. "ಹೊಗೆಯಿಂದ ಮನೆ ಬಾಳುತ್ತದೆ ಮಗ, ಮನುಷ್ಯ ಬಾಳುವುದಿಲ್ಲ" ಎಂದು ಒಮ್ಮೆ ಹೇಳಿದ್ದರು. ಆ ಮಾತು ಎರಡು ಬದಿಯಲ್ಲೂ ನಿಜ. ಹೊಗೆ ಹಿಡಿದ ಪಕಾಸಿಗೆ ಹುಳು ಬೀಳುವುದಿಲ್ಲ. ಆದರೆ ಅದೇ ಹೊಗೆ ಶ್ವಾಸಕೋಶವನ್ನು ಕೆಡಿಸುತ್ತದೆ, ಮಕ್ಕಳಿಗೆ ನ್ಯುಮೋನಿಯಾ ತರುತ್ತದೆಂದು ಇಂದು ವೈದ್ಯರು ಖಚಿತವಾಗಿ ಬಲ್ಲರು.

ಬೆಲೆ ತೆತ್ತದ್ದು ಕಾಡೂ ಹೌದು. ಅಡಿಕೆತೋಟದವರಿಗೆ ಸೊಪ್ಪು, ಸೌದೆಗಳಿಗಾಗಿ ಸರ್ಕಾರ ಬಿಟ್ಟುಕೊಟ್ಟ ಸೊಪ್ಪಿನಬೆಟ್ಟ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಇತ್ತು. ಅಷ್ಟಿದ್ದೂ ಹಲವು ಬೆಟ್ಟಗಳು ಬೋಳಾದವು. ತೋಟವಿಲ್ಲದ ಕೂಲಿಯವರ ಹೆಂಗಸರು ಸೌದೆಯ ಹೊರೆಗಾಗಿ ಮೈಲಿಗಟ್ಟಲೆ ನಡೆದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಹಳ್ಳಿಗಳಿಗಾಗಿಯೇ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಅಲ್ಲಿಯವರು ರೂಪಿಸಿದ ಅಸ್ತ್ರ ಒಲೆ ಸೌದೆಯನ್ನು ಕಡಿಮೆ ತಿಂದು ಹೊಗೆಯನ್ನು ಕೊಳವೆಯಿಂದ ಹೊರಗೆ ಹಾಕಿತು. ೧೯೮೦ರ ದಶಕದಲ್ಲಿ ಹಳ್ಳಿಹಳ್ಳಿಗೆ ಹೋಯಿತು. ಆಮೇಲೆ ಗೋಬರ್ ಅನಿಲ, ಸಿಲಿಂಡರಿನ ಅನಿಲ ಬಂದವು. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ಬಂತು. ಹೆಂಗಸರ ಕಣ್ಣು ಒಣಗಿತು. ಮನೆ ಮಾತ್ರ ಒದ್ದೆಯಾಯಿತು! ದಿನವಿಡೀ ಉರಿಯುತ್ತಿದ್ದ ಒಲೆ ನಿಂತೊಡನೆ ಅಟ್ಟದ ಪಕಾಸಿಗೆ ಕೊರೆಹುಳು ಬಿತ್ತು, ಗೋಡೆಗೆ ಬೂಷ್ಟು ಹಿಡಿಯಿತು. ಒಲೆ ಅಡಿಗೆಯನ್ನಷ್ಟೇ ಮಾಡುತ್ತಿರಲಿಲ್ಲ, ಮನೆಯನ್ನೂ ಕಾಯುತ್ತಿತ್ತು ಎಂಬುದು ಆಗ ತಿಳಿಯಿತು.

ಇಷ್ಟರಲ್ಲಿ ಕಾಂಕ್ರೀಟಿನ ತಾರಸಿ ಬಂದಿತ್ತು. ಗಟ್ಟಿ, ಮಂಗನ ಭಯವಿಲ್ಲ, ಊರಿನವರ ಮುಂದೆ ಗೌರವ. ಆದರೆ ನಾಲ್ಕೈದು ಅಂಗುಲದ ಹಲಗೆ ಹಗಲೆಲ್ಲ ಬಿಸಿಲು ಕುಡಿದು ಸಂಜೆಯಿಂದ ನಡುರಾತ್ರಿಯ ತನಕ ಕೆಳಗಿನವರ ಮೇಲೆ ಶಾಖ ಸುರಿಯುತ್ತದೆ. ಸಮತಟ್ಟಾದ ತಾರಸಿಯ ಮೇಲೆ ಮಲೆನಾಡಿನ ಮಳೆ ನಿಂತು, ಕೂದಲೆಳೆಯ ಬಿರುಕಿನಲ್ಲೂ ದಾರಿ ಹುಡುಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಮನೆ ಉಸಿರಾಡುವುದಿಲ್ಲ.

ಈ ಕೊನೆಯ ಮಾತು ಬರಿಯ ಅಲಂಕಾರವಲ್ಲ. ಮಾವನ ಮನೆಯ ಹೊಸ ಭಾಗದಲ್ಲಿ ಮಾವನ ಸೊಸೆಯ ಬಾಣಂತನ ನಡೆಯಿತು. ಶ್ರಾವಣದ ಜಡಿಮಳೆ. ಹಳೆಯ ಪದ್ಧತಿಯಂತೆ ಅಗ್ಗಿಷ್ಟಿಕೆಯಲ್ಲಿ ಇದ್ದಲ ಕೆಂಡ ತುಂಬಿ ಕೋಣೆಯಲ್ಲಿಟ್ಟರು. ಥಂಡಿ ಬಾರದಿರಲೆಂದು ಗಾಜಿನ ಕಿಟಕಿ, ಬಾಗಿಲು ಎಲ್ಲ ಬಿಗಿದರು. ನಡುರಾತ್ರಿ ಮಗು ಅಳಬೇಕಾದ ಹೊತ್ತಿಗೆ ಅಳಲಿಲ್ಲ. ಅತ್ತೆಗೆ ಏಕೋ ಅನುಮಾನ ಬಂದು ಬಾಗಿಲು ತೆರೆದರು. ತಾಯಿ ತಲೆ ಎತ್ತಲಾರದೆ ಮಂಕಾಗಿ ಮಲಗಿದ್ದಳು. ಇಬ್ಬರನ್ನೂ ಜಗಲಿಯ ಗಾಳಿಗೆ ತಂದು, ಆಸ್ಪತ್ರೆಗೆ ಸಾಗಿಸಿದರು. ದೇವರ ದಯೆ, ಇಬ್ಬರೂ ಉಳಿದರು. ಕೆಂಡದಿಂದ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆಯೂ ಇಲ್ಲ. ರಕ್ತವನ್ನು ಸೇರಿ ಆಮ್ಲಜನಕದ ಜಾಗವನ್ನು ತಾನು ಹಿಡಿಯುತ್ತದೆ. ಅದೇ ಅಗ್ಗಿಷ್ಟಿಕೆ ಅದೇ ಮನೆಯಲ್ಲಿ ಮೂರು ತಲೆಮಾರಿನ ಬಾಣಂತಿಯರನ್ನು ಕಾಯಿಸಿತ್ತು. ಆದರೆ ಆಗ ಮೇಲೆ ಹೆಂಚಿತ್ತು, ಹೆಂಚಿನಲ್ಲಿ ಸಂದಿತ್ತು. ಮಾಡು ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಅಪಾಯ ಬಂದದ್ದು ಇವೆರಡರ ನಡುವಿನ ಸಂದಿನಿಂದ.

ನಾನು ಮಾವನಿಗೆ ಕೊಟ್ಟ ಉತ್ತರ ಆ ರಾತ್ರಿಯಿಂದ ಹುಟ್ಟಿದ್ದು. ಹಳೆಯ ಅರ್ಧವನ್ನು ಕೆಡವಬೇಡಿ ಎಂದೆ. ಹಾಗೆಯೇ ಇಟ್ಟುಕೊಳ್ಳಿ ಎಂದೂ ಹೇಳಲಿಲ್ಲ. ಅಡಿಗೆ ಅನಿಲದಲ್ಲೇ ಆಗಲಿ, ಹೆಂಗಸರು ಹೊಗೆಗೆ ಮರಳುವುದು ಬೇಡ. ಬಚ್ಚಲೊಲೆಗೆ ಕೊಳವೆ ಹಾಕಿಸಿ, ಮಳೆಗಾಲದಲ್ಲಿ ದಿನಕ್ಕೊಮ್ಮೆ ಉರಿಸಿ. ನೀರೂ ಕಾಯಲಿ, ಬಟ್ಟೆಯೂ ಒಣಗಲಿ. ಪಕಾಸಿಗೆ ಹುಳು ಬೀಳದಂತೆ ಗೇರೆಣ್ಣೆ ಬಳಿಯಿರಿ. ಕೆಂಡವನ್ನು ಮುಚ್ಚಿದ ಕೋಣೆಗೆ ಎಂದಿಗೂ ಒಯ್ಯಬೇಡಿ. ಬಾಣಂತಿಗೆ ಬಿಸಿನೀರಿನ ಚೀಲ ಸಾಕು. ಹೊಸ ಭಾಗದ ಗೋಡೆಯಲ್ಲಿ ಮೇಲೆ ಮುಚ್ಚದ ಗವಾಕ್ಷಿಗಳನ್ನು ಬಿಡಿಸಿ.

ತಾರಸಿಯ ಸೆಖೆ, ಸೋರಿಕೆಗಳಿಗೆ ಮಾವನವರೇ ಮದ್ದು ಕಂಡುಕೊಂಡಿದ್ದರು. ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಇಳಿಜಾರಾಗಿ ತಗಡು ಹೊದೆಸಿದ್ದರು. ಇಂದು ಶಿವಮೊಗ್ಗ, ಸಾಗರ, ಮಡಿಕೇರಿ ಎಲ್ಲಿ ನೋಡಿದರೂ ಈ ತಗಡಿನ ಮಾಡುಗಳೇ. ಪೇಟೆಯವರು ಅದನ್ನು ಕಂಡು ಮುಖ ಸಿಂಡರಿಸುತ್ತಾರೆ. ನನಗೆ ಅದರಲ್ಲಿ ಬೇರೆಯದೇ ಕಾಣುತ್ತದೆ: ಇಳಿಜಾರಾದ ಮಾಡು, ಅದರಡಿ ಗಾಳಿಯಾಡುವ ಜಾಗ, ಅದರಡಿ ಗಟ್ಟಿಯಾದ ಮುಚ್ಚಿಗೆ. ಅಲ್ಲಿ ಈಗ ಅಡಿಕೆ ಒಣಗುತ್ತದೆ, ಬಟ್ಟೆ ಒಣಗುತ್ತದೆ, ಮಕ್ಕಳು ಮಳೆಯಲ್ಲೂ ಆಡುತ್ತಾರೆ.

"ಇದಕ್ಕೇನೆಂದು ಹೆಸರಿಟ್ಟಿದ್ದೀರಿ?" ಎಂದು ಮಾವನನ್ನು ಕೇಳಿದೆ.

"ಹೆಸರೇನು ಬಂತು, ಅಟ್ಟ ಅಲ್ಲವೇ ಇದು" ಎಂದರು.